ಫಾಕ್ಸ್ ನ್ಯೂಸ್ ತನ್ನ ವೀಕ್ಷಕರಿಗೇ ಹೆದರಿದ್ದು ಯಾಕೆ?

2020ರ ನವೆಂಬರ್ 3, ಅಮೆರಿಕದಲ್ಲಿ ಮತ ಎಣಿಕೆಯ ರಾತ್ರಿ. ನ್ಯೂಯಾರ್ಕ್ ಸಮಯ 11 ಗಂಟೆ 20 ನಿಮಿಷಕ್ಕೆ ಬಲಪಂಥೀಯ ಒಲವಿನ ಫಾಕ್ಸ್ ನ್ಯೂಸ್ ಚಾನೆಲ್ ಅರಿಜೋನಾ ರಾಜ್ಯ ಜೋ ಬೈಡನ್ ಪಾಲಾಯಿತು ಎಂದು ಘೋಷಿಸಿತು. ಬೇರೆ ಯಾವ ದೊಡ್ಡ ಚಾನೆಲ್ಲೂ ಆಗಿನ್ನೂ ಆ ಮಾತು ಆಡಿರಲಿಲ್ಲ. ಟ್ರಂಪ್ ಪಾಳಯ ಕೆಂಡಾಮಂಡಲವಾಯಿತು. ಘೋಷಣೆ ವಾಪಸ್ ತಗೊಳ್ಳಿ ಎಂಬ ಒತ್ತಡ ಬಂತು. ಎಣಿಕೆಯ ಅಂಕಿಗಳನ್ನು ನೋಡಿ ಗೆದ್ದವರು ಯಾರೆಂದು ತೀರ್ಮಾನಿಸುವ ತಂಡಕ್ಕೆ ಅಲ್ಲಿ ಡೆಸಿಷನ್ ಡೆಸ್ಕ್ ಎನ್ನುತ್ತಾರೆ. ಅದು ಜಗ್ಗಲಿಲ್ಲ. ಅದರ ಮುಖ್ಯಸ್ಥ ಆರ್ನನ್ ಮಿಶ್ಕಿನ್ ಅದೇ ರಾತ್ರಿ ಪರದೆಯ ಮೇಲೆ ಬಂದು ನಮ್ಮ ಲೆಕ್ಕ ಸರಿಯಾಗೇ ಇದೆ ಎಂದರು.

ಕೊನೆಗೆ ಬೈಡನ್ ಅಲ್ಲಿ ಗೆದ್ದದ್ದು ಬರೀ 10,457 ಮತಗಳಿಂದ. ಫಾಕ್ಸ್ ಅವಸರ ಮಾಡಿತು ಎನ್ನುವ ತಜ್ಞರೂ ಇದ್ದಾರೆ. ಇರಲಿ, ಫಲಿತಾಂಶವಂತೂ ಅವರು ಹೇಳಿದ ಹಾಗೇ ಬಂತು.

ನಿಜ ಹೇಳಿದ್ದಕ್ಕೆ ಚಾನೆಲ್‌ಗೆ ಸಿಕ್ಕ ಬಹುಮಾನ ಏನು? ವೀಕ್ಷಕರು ರಿಮೋಟ್ ಕೈಗೆತ್ತಿಕೊಂಡರು. ಇನ್ನಷ್ಟು ಬಲಕ್ಕಿರುವ ನ್ಯೂಸ್‌ಮ್ಯಾಕ್ಸ್ ಎಂಬ ಸಣ್ಣ ಚಾನೆಲ್‌ನ ರೇಟಿಂಗ್ ದಿಢೀರನೆ ಏರಿತು. ಟ್ರಂಪ್ ಕೂಡ ಫಾಕ್ಸ್ ಬಿಟ್ಟು ಬೇರೆ ಚಾನೆಲ್ ನೋಡಿ ಎಂದು ಟ್ವೀಟ್ ಮಾಡತೊಡಗಿದರು. ಫಾಕ್ಸ್‌ನ ಅತಿ ಜನಪ್ರಿಯ ಆ್ಯಂಕರ್ ಟಕರ್ ಕಾರ್ಲ್‌ಸನ್ ತನ್ನ ಪ್ರೊಡ್ಯೂಸರ್‌ಗೆ ಕಳಿಸಿದ ಒಂದು ಮೆಸೇಜು ಆಮೇಲೆ ಕೋರ್ಟಿನ ಕಡತದಲ್ಲಿ ಬಯಲಾಯಿತು. ನಮ್ಮ ವೀಕ್ಷಕರ ವಿಶ್ವಾಸವನ್ನು ನಾವು ಎಷ್ಟು ಕಳೆದುಕೊಂಡಿದ್ದೇವೆ ಅಂತ ಮೇಲಿನವರಿಗೆ ಅರ್ಥವಾಗಿದೆಯಾ, ನಾವು ಬೆಂಕಿ ಜೊತೆ ಆಟವಾಡ್ತಿದ್ದೇವೆ, ನ್ಯೂಸ್‌ಮ್ಯಾಕ್ಸ್‌ನಂಥದ್ದು ಬೆಳೆದರೆ ನಮ್ಮ ಕಥೆ ಮುಗಿದಂತೆ, ಎಂಬುದು ಅದರ ಸಾರ.

ಸರಿಯಾದ ಸುದ್ದಿ ಕೊಟ್ಟಿದ್ದರಿಂದ ವಿಶ್ವಾಸ ಹೋಯಿತು ಎಂದು ಒಂದು ಸುದ್ದಿ ಚಾನೆಲ್‌ನ ಒಳಗಿನವರೇ ಅಳುತ್ತಿದ್ದಾರೆ. ಅಮೆರಿಕದ ಲಿಬರಲ್ ಅಂಕಣಕಾರರು ಬಲಪಂಥೀಯ ಮಾಧ್ಯಮದ ಬಗ್ಗೆ ವರ್ಷಗಟ್ಟಲೆ ಬರೆದದ್ದರ ಒಟ್ಟು ತಾತ್ಪರ್ಯ ಹೀಗಿತ್ತು: ಮೇಲೆ ಕೂತವರು ಸುಳ್ಳು ಹೇಳುತ್ತಾರೆ, ಕೆಳಗೆ ಕೂತವರು ನಂಬುತ್ತಾರೆ. ರಾಜಕೀಯವಾಗಿ ನನ್ನ ಒಲವೂ ಆ ಲಿಬರಲ್ ಕಡೆಗೇ. ಆದರೆ ಚುನಾವಣೆಯ ಬಗ್ಗೆ ಸುಳ್ಳು ಹಬ್ಬಿಸಿತೆಂದು ಮತಯಂತ್ರದ ಕಂಪನಿ ಡೊಮಿನಿಯನ್ ಫಾಕ್ಸ್ ಮೇಲೆ ಹೂಡಿದ ಮೊಕದ್ದಮೆಯ ಕಾಗದಪತ್ರ ಓದಿದ ಮೇಲೆ ಈ ವಿವರಣೆ ಅರ್ಧ ಮಾತ್ರ ನಿಜ ಅನ್ನಿಸುತ್ತದೆ. ಭಯ ಕೆಳಗಿನಿಂದ ಮೇಲಕ್ಕೂ ಹರಿಯುತ್ತಿತ್ತು.

ಮೊದಲು ಆ ಸುಳ್ಳು ಏನಿತ್ತು ನೋಡೋಣ. ಡೊಮಿನಿಯನ್ ವೋಟಿಂಗ್ ಸಿಸ್ಟಮ್ಸ್ ಎಂಬ ಕಂಪನಿಯ ಯಂತ್ರಗಳು ಟ್ರಂಪ್‌ಗೆ ಬಿದ್ದ ಮತಗಳನ್ನು ಬೈಡನ್‌ಗೆ ತಿರುಗಿಸಿದವು. ಈ ಕಂಪನಿ ಹುಟ್ಟಿದ್ದೇ ವೆನೆಜುವೆಲಾದಲ್ಲಿ, ಅಲ್ಲಿನ ಆಗಿನ ಅಧ್ಯಕ್ಷ ಹ್ಯೂಗೋ ಚಾವೆಜ್‌ಗೆ ಚುನಾವಣೆ ಗೆಲ್ಲಿಸಿಕೊಡಲು. ಹೀಗೆಂದು ಟ್ರಂಪ್ ಪರ ವಕೀಲರಾದ ಸಿಡ್ನಿ ಪೊವೆಲ್ ಮತ್ತು ರೂಡಿ ಜೂಲಿಯಾನಿ ಫಾಕ್ಸ್ ಪರದೆಯಲ್ಲಿ ಕೂತು ಹೇಳಿದರು. ನಿಜ ಏನೆಂದರೆ, ಡೊಮಿನಿಯನ್ ಹುಟ್ಟಿದ್ದು ಕೆನಡಾದ ಟೊರಾಂಟೊದಲ್ಲಿ. ವೆನೆಜುವೆಲಾದ ಚುನಾವಣೆಗಳಿಗೆ ಯಂತ್ರ ಕೊಟ್ಟಿದ್ದದ್ದು ಸ್ಮಾರ್ಟ್‌ಮ್ಯಾಟಿಕ್ ಎಂಬ ಬೇರೆಯೇ ಕಂಪನಿ. ಅದರ ಯಂತ್ರ 2020ರಲ್ಲಿ ಅಮೆರಿಕದಲ್ಲಿ ಬಳಕೆಯಾದದ್ದು ಲಾಸ್ ಏಂಜಲಿಸ್ ಕೌಂಟಿಯಲ್ಲಿ ಮಾತ್ರ. ಅಲ್ಲಿ ಬೈಡನ್ ಗೆಲ್ಲುವುದರಲ್ಲಿ ಯಾರಿಗೂ ಅನುಮಾನವೇ ಇರಲಿಲ್ಲ.

ಇಲ್ಲಿ ನಮ್ಮವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಮತಯಂತ್ರ ಅಂದಾಕ್ಷಣ ನಮಗೆ ನೆನಪಾಗುವುದು ಗುಂಡಿ ಒತ್ತುವ ಇವಿಎಂ, ಪಕ್ಕದಲ್ಲಿ ವಿವಿಪ್ಯಾಟ್. ಅಮೆರಿಕದ ಬಹುತೇಕ ಕಡೆ ಹಾಗಲ್ಲ. ಅಲ್ಲಿ ಮತ ಬೀಳುವುದು ದೊಡ್ಡ ಕಾಗದದ ಹಾಳೆಯ ಮೇಲೆ. ಯಂತ್ರ ಅದನ್ನು ಸ್ಕ್ಯಾನ್ ಮಾಡಿ ಎಣಿಸುತ್ತದೆ. ಹಾಳೆ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ. ಯಂತ್ರದ ಮೇಲೆ ಅನುಮಾನ ಬಂದರೆ ಹಾಳೆ ತೆಗೆದು ಕೈಯಲ್ಲೇ ಎಣಿಸಬಹುದು. ಜಾರ್ಜಿಯಾ ರಾಜ್ಯದಲ್ಲಿ ಹಾಗೇ ಮಾಡಿದರು. ಸುಮಾರು 50 ಲಕ್ಷ ಮತಗಳನ್ನು ಕೈಯಲ್ಲಿ ಎಣಿಸಿದರು. ಆಮೇಲೂ ಬೈಡನ್ ಸುಮಾರು 12,000 ಮತಗಳಿಂದ ಮುಂದೆಯೇ ಉಳಿದರು. ಅರಿಜೋನಾದ ಮ್ಯಾರಿಕೋಪಾ ಕೌಂಟಿಯಲ್ಲಂತೂ ಆ ರಾಜ್ಯದ ಶಾಸನಸಭೆಯ ರಿಪಬ್ಲಿಕನ್ ಸೆನೆಟರ್‌ಗಳೇ ಸೈಬರ್ ನಿಂಜಾಸ್ ಎಂಬ ಖಾಸಗಿ ಕಂಪನಿಗೆ ಮರುಎಣಿಕೆಯ ಗುತ್ತಿಗೆ ಕೊಟ್ಟರು. 2021ರ ಸೆಪ್ಟೆಂಬರ್‌ನಲ್ಲಿ ವರದಿ ಬಂತು. ಬೈಡನ್‌ಗೆ 99 ಮತ ಜಾಸ್ತಿ, ಟ್ರಂಪ್‌ಗೆ 261 ಮತ ಕಡಿಮೆ!

ಇನ್ನು ಈ ಆರೋಪದ ಮೂಲ. ನವೆಂಬರ್ 8ರಂದು ಫಾಕ್ಸ್ ಆ್ಯಂಕರ್ ಮರಿಯಾ ಬಾರ್ಟಿರೊಮೊ ಅವರ ಕಾರ್ಯಕ್ರಮದಲ್ಲಿ ಪೊವೆಲ್ ಡೊಮಿನಿಯನ್ ಹೆಸರೆತ್ತಿದರು. ಅದಕ್ಕೆ ಮುಂಚೆ ಪೊವೆಲ್ ಆ ಆ್ಯಂಕರ್‌ಗೆ ಒಂದು ಇಮೇಲ್ ದಾಟಿಸಿದ್ದರು. ಬರೆದವಳು ಯಾರೋ ಒಬ್ಬಳು ಮಹಿಳೆ. ಅದರಲ್ಲಿ ಡೊಮಿನಿಯನ್ ಕಥೆಯ ಜೊತೆಗೆ ಇನ್ನೂ ಏನೇನೋ ಇತ್ತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಸ್ಕಾಲಿಯಾ ಅವರನ್ನು ಮನುಷ್ಯರ ಬೇಟೆಯಾಡುವ ತಂಡ ಕೊಂದಿತಂತೆ. ಫಾಕ್ಸ್‌ನ ಮಾಲೀಕ ರೂಪರ್ಟ್ ಮುರ್ಡಾಕ್ ಮತ್ತು ಚಾನೆಲ್ ಕಟ್ಟಿದ ರೋಜರ್ ಐಲ್ಸ್ ಗುಟ್ಟಾಗಿ ಸೇರಿ ಟ್ರಂಪ್ ಹೆಸರು ಕೆಡಿಸುವ ಸಂಚು ಮಾಡುತ್ತಾರಂತೆ. ಐಲ್ಸ್ ತೀರಿಕೊಂಡು ಆಗಲೇ ಮೂರು ವರ್ಷ ದಾಟಿತ್ತು. ಇದೆಲ್ಲ ನಿಮಗೆ ಹೇಗೆ ಗೊತ್ತು ಅಂದರೆ, ಗಾಳಿ ನನ್ನ ಜೊತೆ ಮಾತಾಡುತ್ತದೆ ಎಂದು ಆಕೆಯೇ ಬರೆದುಕೊಂಡಿದ್ದಳು. ತನ್ನ ಮಾತು ಹುಚ್ಚುಚ್ಚಾಗಿದೆ ಎಂದೂ ಒಪ್ಪಿಕೊಂಡಿದ್ದಳು! ಈ ಇಮೇಲ್ ಕಾರ್ಯಕ್ರಮಕ್ಕೆ ಮೊದಲೇ ಆ್ಯಂಕರ್ ಕೈಯಲ್ಲಿತ್ತು. ಅದನ್ನು ಇಟ್ಟುಕೊಂಡೇ ಒಂದು ದೇಶದ ಚುನಾವಣೆಯ ಬಗ್ಗೆ ಮಾತು ನಡೆಯಿತು.

ಒಳಗಿದ್ದವರು ಇದನ್ನು ನಂಬಿದ್ದರೇ? ಇಲ್ಲ. ಪೊವೆಲ್ ಸುಳ್ಳು ಹೇಳುತ್ತಿದ್ದಾಳೆ ಎಂದು ಕಾರ್ಲ್‌ಸನ್ ಸಹೋದ್ಯೋಗಿ ಲಾರಾ ಇಂಗ್ರಹಾಮ್‌ಗೆ ಮೆಸೇಜ್ ಮಾಡಿದರು. ಅವಳಿಗೆ ತಲೆಕೆಟ್ಟಿದೆ ಎಂಬರ್ಥದ ಉತ್ತರ ಇಂಗ್ರಹಾಮ್‌ರಿಂದ ಬಂತು. ಕಾರ್ಲ್‌ಸನ್ ಒಮ್ಮೆ ಪರದೆಯ ಮೇಲೂ ಇದನ್ನು ಸ್ವಲ್ಪ ಹೇಳಿದರು ಎಂಬುದನ್ನು ಮರೆಯಬಾರದು. ಪುರಾವೆ ಕೊಡಿ ಅಂದೆವು, ಪೊವೆಲ್ ಒಂದನ್ನೂ ಕೊಡಲಿಲ್ಲ ಎಂದು ನವೆಂಬರ್ 19ರಂದು ವೀಕ್ಷಕರಿಗೆ ತಿಳಿಸಿದರು. ಅದಕ್ಕೆ ಸ್ವಂತ ಅಭಿಮಾನಿಗಳಿಂದಲೇ ಬೈಗುಳ ತಿಂದರು.

ಅದೇ ಕಾರ್ಲ್‌ಸನ್ ಅದಕ್ಕೂ ಒಂದು ವಾರ ಮುಂಚೆ ಮಾಡಿದ ಕೆಲಸ ನೋಡಿ. ಫಾಕ್ಸ್‌ನ ವರದಿಗಾರ್ತಿ ಜಾಕಿ ಹೈನ್ರಿಕ್, ಡೊಮಿನಿಯನ್ ಬಗ್ಗೆ ಟ್ರಂಪ್ ಮಾಡಿದ ಟ್ವೀಟ್ ತಪ್ಪು ಎಂದು ಟ್ವೀಟ್ ಮಾಡಿದ್ದರು. ವರದಿಗಾರ್ತಿಯ ಕೆಲಸವೇ ಅದು, ಅಲ್ವಾ? ಆಕೆಯನ್ನು ಕೆಲಸದಿಂದ ತೆಗೆಸಿ, ಇದು ಇವತ್ತು ರಾತ್ರಿಯೇ ನಿಲ್ಲಬೇಕು, ಕಂಪನಿಗೆ ಹೊಡೆತ ಬೀಳುತ್ತಿದೆ, ಷೇರು ಬೆಲೆ ಇಳಿದಿದೆ, ಎಂದು ಕಾರ್ಲ್‌ಸನ್ ಸಹ ಆ್ಯಂಕರ್‌ಗಳಿಗೆ ಬರೆದರು. ಆಕೆಯ ಕೆಲಸ ಉಳಿಯಿತು, ಟ್ವೀಟ್ ಮಾತ್ರ ಮರುದಿನಕ್ಕೆ ಮಾಯ. ಡಿಸೆಂಬರ್ ಆರಂಭದಲ್ಲಿ ಇನ್ನೊಬ್ಬ ವರದಿಗಾರ ಟ್ರಂಪ್ ಹೇಳಿಕೆಗಳ ಸತ್ಯಾಸತ್ಯ ಬಿಡಿಸಿಟ್ಟಾಗ, ಇದು ನಿಲ್ಲಬೇಕು, ವ್ಯಾಪಾರಕ್ಕೆ ಕೆಟ್ಟದ್ದು ಎಂದು ಚಾನೆಲ್‌ನ ಸಿಇಒ ಸೂಝನ್ ಸ್ಕಾಟ್ ಇಮೇಲ್ ಹಾಕಿದರು.

ಅರಿಜೋನಾ ಘೋಷಣೆಯನ್ನು ಸಮರ್ಥಿಸಿಕೊಂಡ ರಾಜಕೀಯ ಸಂಪಾದಕ ಕ್ರಿಸ್ ಸ್ಟೈರ್‌ವಾಲ್ಟ್ 2021ರ ಜನವರಿಯಲ್ಲಿ ಕೆಲಸ ಕಳೆದುಕೊಂಡರು. ಸಂಸ್ಥೆಯ ಮರುಜೋಡಣೆ ಎಂದು ಫಾಕ್ಸ್ ಕಾರಣ ಕೊಟ್ಟಿತು.

ಇಂಥ ಮೆಸೇಜುಗಳು ಹೊರಗೆ ಬಂದದ್ದು ಹೇಗೆ? ಡೊಮಿನಿಯನ್ 2021ರ ಮಾರ್ಚ್‌ನಲ್ಲಿ ಡೆಲವೇರ್ ರಾಜ್ಯದ ಕೋರ್ಟಿನಲ್ಲಿ 160 ಕೋಟಿ ಡಾಲರ್ ಮಾನನಷ್ಟ ಮೊಕದ್ದಮೆ ಹೂಡಿತು. ಅಮೆರಿಕದಲ್ಲಿ ಪತ್ರಿಕೆ, ಚಾನೆಲ್‌ಗಳ ಮೇಲೆ ಇಂಥ ಕೇಸು ಗೆಲ್ಲುವುದು ಮಹಾ ಕಷ್ಟ. ಅದಕ್ಕೆ ಕಾರಣ 1964ರ ಒಂದು ತೀರ್ಪು. ಅಲಬಾಮಾದ ಮಾಂಟ್‌ಗೊಮರಿ ನಗರದ ಪೊಲೀಸರು ಕರಿಯರ ನಾಗರಿಕ ಹಕ್ಕು ಹೋರಾಟದ ಮೇಲೆ ನಡೆಸಿದ ದೌರ್ಜನ್ಯದ ಬಗ್ಗೆ 1960ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಜಾಹೀರಾತು ಬಂತು. ಅದರಲ್ಲಿ ಕೆಲವು ಸಣ್ಣಪುಟ್ಟ ತಪ್ಪುಗಳಿದ್ದವು. ಪೊಲೀಸ್ ಇಲಾಖೆ ನೋಡಿಕೊಳ್ಳುತ್ತಿದ್ದ ನಗರಾಡಳಿತದ ಕಮಿಷನರ್ ಸಲಿವನ್ ಕೇಸು ಹಾಕಿದರು. ಅವರ ಹೆಸರೇ ಜಾಹೀರಾತಿನಲ್ಲಿ ಇರಲಿಲ್ಲ. ಆದರೂ ಅಲ್ಲಿನ ಜ್ಯೂರಿ 5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ಹೊಡೆದುಹಾಕಿತು. ಬರೆದದ್ದು ತಪ್ಪಾಗಿದ್ದರೆ ಸಾಲದು. ಸುಳ್ಳು ಎಂದು ಗೊತ್ತಿದ್ದೇ ಬರೆದರು, ಇಲ್ಲವೇ ನಿಜವೋ ಸುಳ್ಳೋ ಎಂಬ ಗೊಡವೆಯೇ ಇಲ್ಲದೆ ಬರೆದರು ಎಂದು ಸಾಬೀತು ಮಾಡಬೇಕು ಎಂದಿತು. ಅಂದರೆ ಬರೆದವರ ತಲೆಯೊಳಗೆ ಆಗ ಏನಿತ್ತು ಎಂಬುದಕ್ಕೆ ಸಾಕ್ಷಿ ಬೇಕು. ಅದು ಎಲ್ಲಿ ಸಿಗುತ್ತದೆ?

ಫಾಕ್ಸ್ ವಿಷಯದಲ್ಲಿ ಫೋನಿನಲ್ಲೇ ಸಿಕ್ಕಿತು. ವಿಚಿತ್ರ ನೋಡಿ, ಈ ಸಲಿವನ್ ತೀರ್ಪನ್ನು ಸಡಿಲ ಮಾಡಬೇಕು ಎಂದು ಕೂಗುತ್ತಾ ಬಂದವರು ಟ್ರಂಪ್ ಮತ್ತು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್. ಕೋರ್ಟಿನಲ್ಲಿ ಫಾಕ್ಸ್ ಅಡಗಿಕೊಳ್ಳಲು ನೋಡಿದ್ದು ಅದೇ ತೀರ್ಪಿನ ಹಿಂದೆ.

ಮುರ್ಡಾಕ್ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕಾಯಿತು. ತಮ್ಮ ಕೆಲವು ಆ್ಯಂಕರ್‌ಗಳು ಸುಳ್ಳನ್ನು ಅನುಮೋದಿಸಿದರು ಎಂದು ಒಪ್ಪಿಕೊಂಡರು. ಮತಯಂತ್ರದ ಕಥೆಯನ್ನು ಊರೆಲ್ಲ ಸಾರುತ್ತಿದ್ದ ದಿಂಬಿನ ವ್ಯಾಪಾರಿ ಮೈಕ್ ಲಿಂಡೆಲ್ ಆಗ ಫಾಕ್ಸ್‌ನ ದೊಡ್ಡ ಜಾಹೀರಾತುದಾರ. ಅವರನ್ನು ಪರದೆಗೆ ಕರೆಯುತ್ತಲೇ ಇದ್ದದ್ದು ಯಾಕೆ ಎಂಬ ಪ್ರಶ್ನೆ ಬಂತು. ಇದು ಕೆಂಪಿನ ಮಾತೂ ಅಲ್ಲ, ನೀಲಿಯ ಮಾತೂ ಅಲ್ಲ, ಹಸಿರಿನ ಮಾತು ಎಂಬುದಕ್ಕೆ ಮುರ್ಡಾಕ್ ಹೂಂಗುಟ್ಟಿದರು. ಅಲ್ಲಿ ಕೆಂಪು ರಿಪಬ್ಲಿಕನ್ ಬಣ್ಣ, ನೀಲಿ ಡೆಮಾಕ್ರಟಿಕ್ ಬಣ್ಣ, ಹಸಿರು ಡಾಲರ್ ನೋಟಿನ ಬಣ್ಣ.

2023ರ ಮಾರ್ಚ್ 31ರಂದು ನ್ಯಾಯಾಧೀಶ ಎರಿಕ್ ಡೇವಿಸ್, ಡೊಮಿನಿಯನ್ ಬಗ್ಗೆ ಹೇಳಿದ ಯಾವ ಮಾತೂ ನಿಜವಲ್ಲ ಎಂಬುದು ಸ್ಫಟಿಕದಷ್ಟು ಸ್ಪಷ್ಟ ಎಂದು ಬರೆದರು. ಏಪ್ರಿಲ್ 18ರಂದು ಜ್ಯೂರಿ ಕೂತು ವಾದ ಶುರುವಾಗಬೇಕು ಅನ್ನುವ ಹೊತ್ತಿಗೆ ರಾಜಿಯಾಯಿತು. ಫಾಕ್ಸ್ ಕಟ್ಟಿದ್ದು 78.75 ಕೋಟಿ ಡಾಲರ್. ಪರದೆಯ ಮೇಲೆ ಕ್ಷಮೆ ಕೇಳುವ ಷರತ್ತು ಇರಲಿಲ್ಲ. ಕೆಲವು ಹೇಳಿಕೆಗಳು ಸುಳ್ಳೆಂದು ಕೋರ್ಟ್ ಹೇಳಿದ್ದನ್ನು ನಾವು ಗಮನಿಸಿದ್ದೇವೆ ಎಂಬಂಥ ಒಂದು ಹೇಳಿಕೆ ಬಂತು, ಅಷ್ಟೆ. ಅದಕ್ಕೂ ಮೊದಲು, ಫೆಬ್ರವರಿಯಲ್ಲಿ, ಫಾಕ್ಸ್‌ನಲ್ಲೇ ಮಾಧ್ಯಮಗಳ ಬಗ್ಗೆ ಕಾರ್ಯಕ್ರಮ ನಡೆಸುತ್ತಿದ್ದ ಹೋವರ್ಡ್ ಕರ್ಟ್ಸ್, ಈ ಕೇಸಿನ ಬಗ್ಗೆ ಮಾತಾಡಬಾರದೆಂದು ಕಂಪನಿ ನಿರ್ಧರಿಸಿದೆ ಎಂದು ವೀಕ್ಷಕರಿಗೆ ಹೇಳಬೇಕಾಗಿ ಬಂದಿತ್ತು. ಹೀಗಾಗಿ ಈ ಮೊಕದ್ದಮೆಯಿಂದ ಯಾರ ಕಣ್ಣು ತೆರೆಯಬೇಕಿತ್ತೋ ಅವರಿಗೆ ಸುದ್ದಿ ಮುಟ್ಟಿದ್ದೇ ಕಡಿಮೆ. ಏಪ್ರಿಲ್ 24ರಂದು ಕಾರ್ಲ್‌ಸನ್ ಫಾಕ್ಸ್‌ನಿಂದ ಹೊರಬಿದ್ದರು. ವೀಕ್ಷಕರನ್ನು ಸೆಳೆದುಕೊಂಡ ನ್ಯೂಸ್‌ಮ್ಯಾಕ್ಸ್ ಕೂಡ 2025ರಲ್ಲಿ ಡೊಮಿನಿಯನ್‌ಗೆ 6.7 ಕೋಟಿ ಡಾಲರ್ ಕಟ್ಟಿತು.

ಇಷ್ಟು ದೊಡ್ಡ ಮೊತ್ತ ಕಟ್ಟಿದ ಮೇಲೂ ಫಾಕ್ಸ್ ಬೀಳಲಿಲ್ಲ ಯಾಕೆ ಎಂದು ಕೇಳಬಹುದು. ಅದರ ಆದಾಯದ ದೊಡ್ಡ ಪಾಲು ಜಾಹೀರಾತಿನದ್ದಲ್ಲ. ಕೇಬಲ್ ಕಂಪನಿಗಳು ಪ್ರತಿ ಮನೆಗೆ ಇಷ್ಟು ಎಂದು ತಿಂಗಳಿಗೆ ಚಾನೆಲ್‌ಗೆ ಶುಲ್ಕ ಕೊಡುತ್ತವೆ. ಡಲ್ಲಾಸಿನಲ್ಲೋ ಎಡಿಸನ್‌ನಲ್ಲೋ ಇರುವ ನಿಮ್ಮ ಚಿಕ್ಕಪ್ಪನ ಮಗ ಕೇಬಲ್ ಪ್ಯಾಕೇಜ್ ಹಾಕಿಸಿಕೊಂಡಿದ್ದರೆ, ಫಾಕ್ಸ್ ನೋಡಲಿ ಬಿಡಲಿ, ಅವನ ಬಿಲ್ಲಿನಿಂದ ಅದಕ್ಕೊಂದು ಪಾಲು ಹೋಗುತ್ತಿರುತ್ತದೆ. ಜಾಹೀರಾತುದಾರರು ಬಹಿಷ್ಕಾರ ಹಾಕಿದರೆ ಚಾನೆಲ್ ತಡೆದುಕೊಳ್ಳಬಲ್ಲದು. ಫಾಕ್ಸ್ ಇಲ್ಲದಿದ್ದರೆ ಕೇಬಲ್ಲೇ ಬೇಡ ಎನ್ನುವ ಕಟ್ಟಾ ವೀಕ್ಷಕರು ಮುನಿಸಿಕೊಂಡರೆ ಮಾತ್ರ ತಡೆದುಕೊಳ್ಳಲಾರದು. ಕೇಬಲ್ ಕಂಪನಿಗಳ ಜೊತೆ ಚೌಕಾಸಿ ಮಾಡುವ ಅದರ ಬಲ ಇರುವುದೇ ಆ ಜನರಲ್ಲಿ.

ಆ ಕಟ್ಟಾ ವೀಕ್ಷಕರು ಒಂದೇ ದಿನದಲ್ಲಿ ಹುಟ್ಟಿದವರಲ್ಲ. 1969ರ ನವೆಂಬರ್‌ನಲ್ಲೇ ನಿಕ್ಸನ್‌ರ ಉಪಾಧ್ಯಕ್ಷ ಸ್ಪೈರೊ ಆ್ಯಗ್ನ್ಯೂ, ಯಾರೂ ಆರಿಸದ ಬೆರಳೆಣಿಕೆಯ ಮಂದಿ ನ್ಯೂಯಾರ್ಕ್, ವಾಷಿಂಗ್ಟನ್‌ನಲ್ಲಿ ಕೂತು ಇಡೀ ದೇಶದ ಟಿವಿ ಸುದ್ದಿ ನಿರ್ಧರಿಸುತ್ತಾರೆ ಎಂದು ಹರಿಹಾಯ್ದಿದ್ದರು. 1968ರಲ್ಲಿ ನಿಕ್ಸನ್‌ರನ್ನು ಟಿವಿಯಲ್ಲಿ ಚೆನ್ನಾಗಿ ಕಾಣಿಸುವ ಕೆಲಸ ಮಾಡಿದವರು ರೋಜರ್ ಐಲ್ಸ್. 1988ರಿಂದ ರಷ್ ಲಿಂಬಾ ರೇಡಿಯೊದಲ್ಲಿ ದೇಶದಾದ್ಯಂತ ಅದೇ ರಾಗ ಹಾಡಿದರು. 1996ರ ಅಕ್ಟೋಬರ್ 7ರಂದು ಮುರ್ಡಾಕ್ ಹಣ, ಐಲ್ಸ್ ತಲೆ ಸೇರಿ ಫಾಕ್ಸ್ ನ್ಯೂಸ್ ಶುರುವಾಯಿತು. ಉಳಿದವರೆಲ್ಲ ನಿಮಗೆ ಸುಳ್ಳು ಹೇಳುತ್ತಾರೆ, ನಿಮ್ಮನ್ನು ಕೀಳಾಗಿ ನೋಡುತ್ತಾರೆ ಎಂಬ ಮಾತು ಈ ಎಲ್ಲದರ ತಳದಲ್ಲಿತ್ತು.

ಲಿಬರಲ್ ಲೇಖನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪರಿಹಾರವಿದೆ: ಫೇರ್‌ನೆಸ್ ಡಾಕ್ಟ್ರಿನ್ ವಾಪಸ್ ತನ್ನಿ. ವಿವಾದದ ವಿಷಯದಲ್ಲಿ ಎರಡೂ ಕಡೆಯ ವಾದ ಕೇಳಿಸಬೇಕು ಎಂಬ 1949ರ ಆ ನಿಯಮವನ್ನು 1987ರಲ್ಲಿ ರೇಗನ್ ಕಾಲದಲ್ಲಿ ಕೈಬಿಟ್ಟದ್ದು ನಿಜ. ಲಿಂಬಾಗೆ ದಾರಿ ಆದದ್ದೂ ನಿಜ. ಆದರೆ ಆ ನಿಯಮ ಇದ್ದದ್ದು ಸರ್ಕಾರದಿಂದ ತರಂಗಾಂತರದ ಪರವಾನಗಿ ಪಡೆದ ರೇಡಿಯೊ, ಟಿವಿ ಕೇಂದ್ರಗಳಿಗೆ. ತಂತಿಯಲ್ಲಿ ಬರುವ ಕೇಬಲ್ ಚಾನೆಲ್ ಅದರ ವ್ಯಾಪ್ತಿಗೇ ಬರುತ್ತಿರಲಿಲ್ಲ. ಸುಮ್ನೆ ಹಳೇ ನಿಯಮದ ಹೆಸರು ಹೇಳಿದರೆ ಫಾಕ್ಸ್ ಸಮಸ್ಯೆ ಬಗೆಹರಿಯುವುದಿಲ್ಲ.

ಈಗ ನಂಬಿಕೆಯ ಲೆಕ್ಕ. ಗ್ಯಾಲಪ್ ಸಂಸ್ಥೆ ವರ್ಷಗಳಿಂದ ಒಂದೇ ಪ್ರಶ್ನೆ ಕೇಳುತ್ತಿದೆ: ಪತ್ರಿಕೆ, ಟಿವಿ, ರೇಡಿಯೊ ಸುದ್ದಿ ಪೂರ್ತಿಯಾಗಿ, ನಿಖರವಾಗಿ, ನ್ಯಾಯವಾಗಿ ಇರುತ್ತದೆ ಎಂದು ನಂಬುತ್ತೀರಾ? 1976ರಲ್ಲಿ ಶೇ 72 ಮಂದಿ ಹೌದು ಎಂದರು. 2025ರಲ್ಲಿ ಶೇ 28. ರಿಪಬ್ಲಿಕನ್ನರಲ್ಲಿ ಬರೀ ಶೇ 8, ಡೆಮಾಕ್ರಾಟರಲ್ಲಿ ಶೇ 51. ಇದನ್ನು ನೋಡಿ ರಿಪಬ್ಲಿಕನ್ನರು ಯಾರನ್ನೂ ನಂಬುವುದಿಲ್ಲ ಅನ್ನಿಸಬಹುದು. ಹಾಗೇನಿಲ್ಲ. ಪ್ಯೂ ಸಂಸ್ಥೆ 2020ರ ಆರಂಭದಲ್ಲಿ ಚಾನೆಲ್‌ಗಳ ಹೆಸರು ಹಿಡಿದು ಕೇಳಿದಾಗ, ರಿಪಬ್ಲಿಕನ್ನರಲ್ಲಿ ಶೇ 65 ಮಂದಿ ಫಾಕ್ಸ್ ಸುದ್ದಿಯನ್ನು ನಂಬುತ್ತೇವೆ ಎಂದಿದ್ದರು. ಅವರ ನಂಬಿಕೆ ಎಲ್ಲ ಕಡೆಯಿಂದ ಎದ್ದು ಬಂದು ಒಂದೇ ಕಡೆ ಕೂತಿತ್ತು. ಅದಕ್ಕೇ ಅರಿಜೋನಾ ಘೋಷಣೆ ಅವರಿಗೆ ಸುದ್ದಿಯ ಹಾಗೆ ಕೇಳಿಸಲಿಲ್ಲ, ದ್ರೋಹದ ಹಾಗೆ ಕೇಳಿಸಿತು.

ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲ ಎಂಬ ಇಬ್ಬರು ಸಂಶೋಧಕರು ಆ ಚುನಾವಣೆಗೆ ಮುಂಚೆ ಒಂದು ಪ್ರಯೋಗ ಮಾಡಿದರು. ಫಾಕ್ಸ್ ನೋಡುವವರನ್ನೇ ಆರಿಸಿ, ಅವರಲ್ಲಿ ಕೆಲವರಿಗೆ ಗಂಟೆಗೆ 15 ಡಾಲರ್ ಕೊಟ್ಟು ಸೆಪ್ಟೆಂಬರ್ ತಿಂಗಳಿಡೀ ಸಿಎನ್‌ಎನ್ ನೋಡಲು ಹೇಳಿದರು. ನಿಜವಾಗಿ ನೋಡಿದರೇ ಎಂದು ಪ್ರಶ್ನೆ ಕೇಳಿ ಪರೀಕ್ಷಿಸಿದರು. ನೋಡಿದವರಿಗೆ ಕೋವಿಡ್ ಬಗ್ಗೆ ಮೊದಲು ತಿಳಿಯದ ಸಂಗತಿಗಳು ತಿಳಿದವು. ಟ್ರಂಪ್ ಏನಾದರೂ ತಪ್ಪು ಮಾಡಿದರೆ ಫಾಕ್ಸ್ ಅದನ್ನು ಹೇಳುವುದಿಲ್ಲ ಎಂದು ಒಪ್ಪುವವರು ಅವರಲ್ಲಿ ಹೆಚ್ಚಾದರು. ಅಂದರೆ ಈ ಜನ ಕಿವಿಗೆ ಹತ್ತಿ ಇಟ್ಟುಕೊಂಡವರಲ್ಲ. ಆದರೆ ಹಣ ನಿಂತ ಮೇಲೆ ಅವರು ಫಾಕ್ಸ್‌ಗೇ ಮರಳಿದರು. ಬದಲಾವಣೆಯೂ ನಿಧಾನಕ್ಕೆ ಕರಗಿತು.

ಲಿಬರಲ್ ಕಡೆಯವರು ಇದನ್ನೆಲ್ಲ ಓದಿ ಬೀಗುವ ಹಾಗಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಒಂದು ಮಾನನಷ್ಟ ಕೇಸಿನಿಂದ ಕಾರ್ಲ್‌ಸನ್ ಪಾರಾದದ್ದು, ಆತನ ಮಾತು ಉತ್ಪ್ರೇಕ್ಷೆ, ಅದನ್ನು ಯಾವ ವೀಕ್ಷಕನೂ ಅಕ್ಷರಶಃ ತಗೊಳ್ಳುವುದಿಲ್ಲ ಎಂಬ ವಾದದಿಂದ. ಲಿಬರಲ್ಲರು ನಕ್ಕರು. ಆದರೆ ಅದೇ ವರ್ಷ ಮೇ ತಿಂಗಳಲ್ಲಿ ಲಿಬರಲ್ಲರ ಮೆಚ್ಚಿನ ಟಿವಿ ಆ್ಯಂಕರ್ ರೇಚಲ್ ಮ್ಯಾಡೊ ಕೂಡ ಹೆಚ್ಚು ಕಡಿಮೆ ಅದೇ ವಾದದಿಂದ ಗೆದ್ದಿದ್ದರು. ಬಲಪಂಥೀಯ ಚಾನೆಲ್ ಒಂದನ್ನು ಅಕ್ಷರಶಃ ರಷ್ಯಾದ ಪ್ರಚಾರ ಎಂದು ಅವರು ಕರೆದದ್ದು ಅಭಿಪ್ರಾಯ, ಸಂಗತಿಯಲ್ಲ ಎಂದಿತು ಕೋರ್ಟ್. ಬೈಡನ್ ವಯಸ್ಸಿನ ವಿಷಯ ಇನ್ನೂ ಕೆಟ್ಟದು. ಅವರು ತಡವರಿಸುವ ವಿಡಿಯೊಗಳನ್ನೆಲ್ಲ ಬಲಪಂಥೀಯರ ಕಿತಾಪತಿ ಎಂದು ಎಷ್ಟೋ ಲಿಬರಲ್ ವ್ಯಾಖ್ಯಾನಕಾರರು ತಳ್ಳಿಹಾಕುತ್ತಿದ್ದರು. 2024ರ ಜೂನ್ 27ರ ಚರ್ಚೆಯಲ್ಲಿ ಇಡೀ ದೇಶ ಕಣ್ಣಾರೆ ನೋಡಿತು. ಒಂದು ತಿಂಗಳೂ ತುಂಬುವ ಮೊದಲೇ, ಜುಲೈ 21ರಂದು, ಬೈಡನ್ ಕಣದಿಂದ ಹಿಂದೆ ಸರಿದರು. ನೋಡಿ, ನಾವು ಹೇಳಿದ್ದೇ ನಿಜವಾಯಿತಲ್ಲ ಎನ್ನಲು ಫಾಕ್ಸ್‌ಗೆ ಅದಕ್ಕಿಂತ ಒಳ್ಳೆಯ ಅವಕಾಶ ಬೇಕಿತ್ತೇ? ಎರಡೂ ಕಡೆಯ ತಪ್ಪು ಒಂದೇ ತೂಕದ್ದು ಅಂತ ನಾನು ಹೇಳುತ್ತಿಲ್ಲ. ಗಾಳಿ ಹೇಳಿದ ಕಥೆಯನ್ನು ಚುನಾವಣೆಯ ಸುದ್ದಿಯಾಗಿ ಮಾರಿದ್ದಕ್ಕೆ ಇವು ಸಮ ಅಲ್ಲ. ಆದರೆ ವೀಕ್ಷಕರು ಅನುಮಾನಪಡಲು ಕಾರಣವನ್ನು ಇವರೂ ಕೊಟ್ಟರು.

ಅಮೆರಿಕದಲ್ಲಿ ಎರಡೂ ಪಕ್ಷದವರ ನಂಬಿಕೆ ಇನ್ನೂ ಒಂದಿಷ್ಟು ಉಳಿದಿರುವುದು ಸ್ಥಳೀಯ ಸುದ್ದಿಯ ಮೇಲೆ. ಊರಿನ ಹವಾಮಾನ, ಶಾಲೆಗೆ ರಜೆ, ಹೆದ್ದಾರಿಯ ಅಪಘಾತ ಹೇಳುವ ಆ್ಯಂಕರ್ ಅಂಗಡಿಯಲ್ಲೂ ಚರ್ಚಿನಲ್ಲೂ ಎದುರಿಗೆ ಸಿಗುವ ಮನುಷ್ಯ. ಇದು ಸಿಂಕ್ಲೇರ್ ಬ್ರಾಡ್‌ಕಾಸ್ಟ್ ಗ್ರೂಪ್‌ಗೆ ಚೆನ್ನಾಗಿ ಗೊತ್ತಿತ್ತು. ಮೇರಿಲ್ಯಾಂಡ್‌ನ ಈ ಬಲಪಂಥೀಯ ಒಲವಿನ ಕಂಪನಿಯ ಕೈಯಲ್ಲಿ 2018ರಲ್ಲಿ ದೇಶದ ಉದ್ದಗಲಕ್ಕೂ ಸುಮಾರು 190 ಟಿವಿ ಕೇಂದ್ರಗಳಿದ್ದವು. ಆ ಮಾರ್ಚ್‌ನಲ್ಲಿ ತನ್ನ ಸ್ಥಳೀಯ ಆ್ಯಂಕರ್‌ಗಳಿಗೆಲ್ಲ ಹೆಡ್ಡಾಫೀಸಿನಿಂದ ಒಂದೇ ಬರಹ ಕಳಿಸಿ ಓದಿಸಿತು. ಕೆಲವು ಮಾಧ್ಯಮಗಳು ಪರಿಶೀಲಿಸದೆ ಸುಳ್ಳು ಸುದ್ದಿ ಹರಡುತ್ತಿವೆ, ಇದು ನಮ್ಮ ಪ್ರಜಾಪ್ರಭುತ್ವಕ್ಕೆ ಬಹಳ ಅಪಾಯಕಾರಿ, ಎಂಬ ಬರಹ. ಡೆಡ್‌ಸ್ಪಿನ್ ಎಂಬ ಜಾಲತಾಣ ಆ ತುಣುಕುಗಳನ್ನು ಪಕ್ಕಪಕ್ಕ ಜೋಡಿಸಿ ತೋರಿಸಿದಾಗಲೇ ಜನರಿಗೆ ಗೊತ್ತಾದದ್ದು: ಬೇರೆ ಬೇರೆ ಊರು, ಬೇರೆ ಬೇರೆ ಮುಖ, ಒಂದೇ ವಾಕ್ಯ. ಲಿಬರಲ್ ಅಂಕಣಗಳು ಆ ಆ್ಯಂಕರ್‌ಗಳನ್ನು ಗಿಳಿಗಳೆಂದು ಹಂಗಿಸಿದವು. ಆದರೆ ಅವರಲ್ಲಿ ಹಲವರ ಕರಾರಿನಲ್ಲಿ ಒಂದು ಷರತ್ತಿತ್ತು. ಅವಧಿಗೆ ಮುಂಚೆ ಕೆಲಸ ಬಿಟ್ಟರೆ ಸಂಬಳದ ಒಂದು ದೊಡ್ಡ ಭಾಗವನ್ನು ಅವರೇ ಕಂಪನಿಗೆ ಕಟ್ಟಿಕೊಡಬೇಕಿತ್ತು.